ರೇಡಿಯೇಟರು ಫ್ಯಾನು ಎಡೆಬಿಡದೆ ತಿರುಗುವುದಕ್ಕೆ ಕಾರಣಗಳೂ ಅದರ ಪರೀಕ್ಷಾಕ್ರಮವೂ

ಪೀಠಿಕೆ

ಕೊಡಗಿನ ಊರುಗಳು ಬಯಲುಸೀಮೆಯ ಊರುಗಳಂತೆ ಮನೆಗೆ ಮನೆ ತಾಗಿ ಬೆಳೆದವುಗಳಲ್ಲ. ಒಂದೊಂದು ಮನೆಯೂ ತನ್ನ ಗದ್ದೆಯ ಮೇಲಂಚಿನಲ್ಲಿ, ತೋಟದ ನಡುವೆ, ಕೂಗಿದರೆ ನೆರೆಮನೆಗೆ ಕೇಳದಷ್ಟು ದೂರದಲ್ಲಿ ನಿಂತಿರುವುದೇ ಇಲ್ಲಿ ಹೆಚ್ಚಾಗಿ ಕಾಣುವ ರೂಢಿ. ಆದಕಾರಣ ಮೋಟಾರು ಗಾಡಿಯು ಇಲ್ಲಿಯ ಭೂಮಾಲಿಕನಿಗೆ ಭೋಗದ ವಸ್ತುವಲ್ಲ; ಗದ್ದೆಯ ಟಿಲ್ಲರು, ತೋಟದ ಸ್ಪ್ರೇಯರುಗಳಂತೆ ಅದೂ ಬೇಸಾಯದ ಒಂದು ಉಪಕರಣವೇ ಆಗಿದೆ. ಗೊಬ್ಬರವನ್ನು ತರುವುದು, ಕುಯ್ಲಿನ ಕಾಲದಲ್ಲಿ ಆಳುಗಳನ್ನು ಕರೆತರುವುದು, ಕಾಫಿಯನ್ನು ಕ್ಯೂರಿಂಗ್ ವರ್ಕ್ಸಿಗೆ ಸಾಗಿಸುವುದು, ನಡುರಾತ್ರಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದು—ಇವೆಲ್ಲವೂ ಆ ಒಂದು ಗಾಡಿಯಿಂದಲೇ ನಡೆಯಬೇಕು. ಊರ ತಕ್ಕರ ಮನೆಯ ಗಾಡಿಯು ಹೆಸರಿಗೆ ಒಬ್ಬರದಾದರೂ ಕಷ್ಟಕಾಲದಲ್ಲಿ ಊರಿನದೇ ಸರಿ. ೨೦೧೮ನೆಯ ಇಸವಿಯ ಆಗಸ್ಟು ತಿಂಗಳ ಅತಿವೃಷ್ಟಿಯಲ್ಲಿ ಜೋಡುಪಾಲ ಮುಂತಾದ ಕಡೆ ಗುಡ್ಡಗಳು ಕುಸಿದು ಮಡಿಕೇರಿ–ಸಂಪಾಜೆ ಹೆದ್ದಾರಿಯು ಮುಚ್ಚಿಹೋದುದನ್ನು ಯಾರೂ ಮರೆತಿಲ್ಲ. ಹೀಗೆ ದಾರಿಗಳು ಕಡಿದುಹೋಗುವ ಸೀಮೆಯಲ್ಲಿ, ಕರೆದಾಗ ಹೊರಡತಕ್ಕ ಗಾಡಿಯೊಂದು ಊರಿಗೆ ಎಷ್ಟು ಅವಶ್ಯವೆಂಬುದನ್ನು ವಿವರಿಸಬೇಕಾಗಿಲ್ಲ.

ಇಂತಹ ಗಾಡಿಗಳಲ್ಲಿ ಆಗಾಗ ಕಂಡುಬರುವ ಒಂದು ತೊಂದರೆಯೇ ಈ ಪಾಠದ ವಿಷಯ. ಅದಾವುದೆಂದರೆ, ಮುಂಭಾಗದಲ್ಲಿರುವ ರೇಡಿಯೇಟರು ಫ್ಯಾನು ಎಡೆಬಿಡದೆ ತಿರುಗುವುದು. ಕೆಲವು ವೇಳೆ ಇಂಜಿನನ್ನು ನಿಲ್ಲಿಸಿ ಕೀಲಿಯನ್ನು ತೆಗೆದಮೇಲೂ ಅದು ನಿಲ್ಲುವುದಿಲ್ಲ. ಬೆಳಗಾಗುವಷ್ಟರಲ್ಲಿ ಬ್ಯಾಟರಿಯು ಸತ್ತುಹೋಗಿರುತ್ತದೆ. ಇದನ್ನು ಕಂಡವರಲ್ಲಿ ಕೆಲವರು "ತಿರುಗಲಿ ಬಿಡಿ, ಗಾಳಿ ತಾನೆ" ಎಂದು ಉದಾಸೀನ ಮಾಡುವರು. ಮತ್ತೆ ಕೆಲವರು ತಂತಿಯನ್ನೋ ಫ್ಯೂಸನ್ನೋ ಕಿತ್ತು ಸದ್ದನ್ನು ನಿಲ್ಲಿಸುವರು. ಈ ಎರಡೂ ತಪ್ಪು. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡ ತಪ್ಪು. ಗದ್ದೆ ಕಾಯುವ ಆಳು ರಾತ್ರಿಯೆಲ್ಲ ತಗಡು ಬಡಿಯುತ್ತಿದ್ದರೆ ಒಂದೋ ಆನೆ ಬಂದಿರಬೇಕು, ಇಲ್ಲವೇ ಅವನಿಗೆ ಭ್ರಮೆ ಹಿಡಿದಿರಬೇಕು. ತಗಡನ್ನು ಕಿತ್ತುಕೊಂಡರೆ ಸದ್ದು ನಿಂತೀತೇ ಹೊರತು ಆನೆಯು ಹೋಗಲಾರದು. ಫ್ಯಾನಿನ ವಿಷಯವೂ ಹೀಗೆಯೇ. ಫ್ಯಾನು ತಾನಾಗಿ ತಿರುಗುವುದಿಲ್ಲ. ಯಾವುದೋ ಒಂದು ಅದಕ್ಕೆ ಅಪ್ಪಣೆ ಕೊಡುತ್ತಿರುತ್ತದೆ. ಆ ಅಪ್ಪಣೆಯು ನಿಜವೋ ಸುಳ್ಳೋ ಎಂಬುದನ್ನು ಮೊದಲು ಗೊತ್ತುಮಾಡಿ, ಆಮೇಲೆ ಕೈ ಹಾಕತಕ್ಕದ್ದು.

೧. ಇಂಜಿನನ್ನು ತಣಿಸುವ ಏರ್ಪಾಡು

ಇಂಜಿನಿನಲ್ಲಿ ಉರಿಯುವ ಪೆಟ್ರೋಲು ಅಥವಾ ಡೀಸೆಲಿನ ಶಾಖದಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಗಾಡಿಯನ್ನು ನಡೆಸುವ ಶಕ್ತಿಯಾಗುವುದು. ಮತ್ತೊಂದು ಪಾಲು ಹೊಗೆಯೊಡನೆ ಹೊರಕ್ಕೆ ಹೋಗುವುದು. ಉಳಿದುದರಲ್ಲಿ ಬಹುಭಾಗವನ್ನು ತಣಿಸುವ ದ್ರವವು, ಎಂದರೆ ಕೂಲೆಂಟು, ಹೊತ್ತುಕೊಂಡು ರೇಡಿಯೇಟರಿಗೆ ಬರುವುದು. ಅಲ್ಲಿಯ ಸಣ್ಣ ನಳಿಗೆಗಳಲ್ಲಿ ಇಳಿಯುವಾಗ ಗಾಳಿ ತಾಗಿ, ತಣಿದು, ಮರಳಿ ಇಂಜಿನಿಗೆ ಸೇರುವುದು. ಇಂಜಿನಿಗೂ ರೇಡಿಯೇಟರಿಗೂ ನಡುವೆ ಥರ್ಮೋಸ್ಟಾಟು ಎಂಬ ಒಂದು ಬಾಗಿಲಿದೆ. ಇಂಜಿನು ಸುಮಾರು ೮೨ರಿಂದ ೮೮ ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವ ತನಕ ಈ ಬಾಗಿಲು ಮುಚ್ಚಿದ್ದು, ಆಮೇಲೆ ತೆರೆಯುವುದು.

ಗಾಡಿಯು ಸಮನಾದ ದಾರಿಯಲ್ಲಿ ವೇಗವಾಗಿ ಹೋಗುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸಲು ಸಾಕು. ಹೊರೆ ಹೊತ್ತು ಮೊದಲನೆಯ ಎರಡನೆಯ ಗೇರಿನಲ್ಲಿ ಸಂಪಾಜೆ ಘಾಟಿಯನ್ನೋ ಮಾಕುಟ್ಟದ ಘಾಟಿಯನ್ನೋ ಹತ್ತುವಾಗ ಇಂಜಿನಿನ ಶ್ರಮವು ಹೆಚ್ಚು, ಎದುರುಗಾಳಿಯು ಕಡಮೆ. ಆಗಲೇ ಫ್ಯಾನಿನ ಉಪಯೋಗ.

ಇಲ್ಲಿ ಕೊಡಗಿನವರು ವಿಶೇಷವಾಗಿ ಗಮನಿಸತಕ್ಕ ಒಂದು ಸಂಗತಿಯಿದೆ. ನೀರು ಸಮುದ್ರಮಟ್ಟದಲ್ಲಿ ೧೦೦ ಡಿಗ್ರಿಯಲ್ಲಿ ಕುದಿಯುವುದಾದರೂ, ಮೇಲೇರಿದಂತೆ ಸುಮಾರು ೩೦೦ ಮೀಟರಿಗೆ ಒಂದು ಡಿಗ್ರಿಯಂತೆ ಈ ಮಟ್ಟವು ಇಳಿಯುತ್ತದೆ. ಸುಮಾರು ೧೧೫೦ ಮೀಟರು ಎತ್ತರದಲ್ಲಿರುವ ಮಡಿಕೇರಿಯಲ್ಲಿ ತೆರೆದ ಪಾತ್ರೆಯ ನೀರು ೯೬ ಡಿಗ್ರಿಯಲ್ಲಿಯೇ ಕುದಿಯುವುದು. ಅನೇಕ ಗಾಡಿಗಳಲ್ಲಿ ಫ್ಯಾನು ತಿರುಗಲಾರಂಭಿಸುವುದೂ ಹೆಚ್ಚುಕಡಮೆ ೯೫ ಡಿಗ್ರಿಯ ಆಸುಪಾಸಿನಲ್ಲಿಯೇ. ಹೀಗಿದ್ದೂ ರೇಡಿಯೇಟರು ಕುದಿಯದಿರುವುದಕ್ಕೆ ಕಾರಣವೇನೆಂದರೆ, ಅದರ ಮುಚ್ಚಳವು ಒಳಗಿನ ಒತ್ತಡವನ್ನು ಹಿಡಿದಿಟ್ಟು ಕುದಿಯುವ ಮಟ್ಟವನ್ನು ೧೧೫ ಡಿಗ್ರಿಗೂ ಮೇಲಕ್ಕೆ ಏರಿಸುವುದು. ಆದುದರಿಂದ ಮುಚ್ಚಳದ ರಬ್ಬರು ಹರಿದಿರುವ ಗಾಡಿಯು ಮಂಗಳೂರಿನಲ್ಲಿ ಹೇಗೋ ನಡೆದುಕೊಂಡು ಹೋದರೂ ಮಡಿಕೇರಿಯಲ್ಲಿ ಕುದಿಯಬಹುದು.

೨. ಫ್ಯಾನುಗಳಲ್ಲಿ ಮೂರು ಬಗೆ

ತನ್ನ ಗಾಡಿಯಲ್ಲಿರುವ ಫ್ಯಾನು ಯಾವ ಬಗೆಯದೆಂಬುದನ್ನು ಅರಿಯದೆ ಪರೀಕ್ಷೆಗೆ ತೊಡಗುವುದು ವ್ಯರ್ಥ. ಬಾನೆಟ್ಟನ್ನು ಎತ್ತಿ ನೋಡಿದರೆ ಇದು ತಿಳಿಯುವುದು.

(ಅ) ಬೆಲ್ಟಿನ ಫ್ಯಾನು.—ಹಳೆಯ ಜೀಪುಗಳಲ್ಲಿಯೂ ಅನೇಕ ಟ್ರ್ಯಾಕ್ಟರುಗಳಲ್ಲಿಯೂ ಫ್ಯಾನನ್ನು ನೀರಿನ ಪಂಪಿನ ಗಾಲಿಗೆ ನೇರವಾಗಿ ಬಿಗಿದಿರುತ್ತದೆ. ಇಂಜಿನು ತಿರುಗುವಷ್ಟು ಹೊತ್ತೂ ಇದು ತಿರುಗುವುದು. ಇಂಜಿನು ನಿಂತರೆ ನಿಲ್ಲುವುದು. ಇದು ಅದರ ಸ್ವಭಾವ, ದೋಷವಲ್ಲ.

(ಆ) ಹಿಡಿತವುಳ್ಳ ಫ್ಯಾನು.—ಜೀಪಿನ ಜಾತಿಯ ಅನೇಕ ಡೀಸೆಲ್ ಗಾಡಿಗಳಲ್ಲಿ ಬೆಲ್ಟಿಗೂ ಫ್ಯಾನಿಗೂ ನಡುವೆ, ಮಂದವಾದ ಸಿಲಿಕೋನು ಎಣ್ಣೆಯನ್ನು ತುಂಬಿದ ಒಂದು ದುಂಡನೆಯ ಕ್ಲಚ್ಚು ಇರುತ್ತದೆ. ರೇಡಿಯೇಟರಿನಿಂದ ಬರುವ ಗಾಳಿಯು ತಣ್ಣಗಿದ್ದರೆ ಅದು ಸಡಿಲವಾಗಿ ಫ್ಯಾನನ್ನು ಮೆಲ್ಲಗೆ ತಿರುಗಿಸುವುದು. ಬಿಸಿಯಾದರೆ ಬಿಗಿಹಿಡಿದು ಜೋರಾಗಿ ತಿರುಗಿಸುವುದು. ಈ ಕ್ಲಚ್ಚು ಕೆಟ್ಟು ಬಿಗಿದುಕೊಂಡಲ್ಲಿ ಫ್ಯಾನು ಯಾವಾಗಲೂ ಪೂರ್ಣ ವೇಗದಿಂದ ಬಿರುಗಾಳಿಯಂತೆ ಸದ್ದು ಮಾಡುತ್ತಾ ತಿರುಗುವುದು. ಗಾಡಿಯ ಎಳೆತವು ಕುಗ್ಗಿ ಡೀಸೆಲಿನ ಖರ್ಚು ಏರುವುದು.

(ಇ) ವಿದ್ಯುತ್ ಫ್ಯಾನು.—ಇಂಜಿನನ್ನು ಅಡ್ಡಲಾಗಿ ಕೂರಿಸಿರುವ ಸಣ್ಣ ಕಾರುಗಳಲ್ಲಿ ಬೆಲ್ಟಿನಿಂದ ಫ್ಯಾನನ್ನು ತಿರುಗಿಸಲು ಅನುಕೂಲವಿಲ್ಲದುದರಿಂದ, ಅದಕ್ಕೆ ಪ್ರತ್ಯೇಕವಾದ ವಿದ್ಯುತ್ ಮೋಟಾರನ್ನು ಅಳವಡಿಸಿರುತ್ತದೆ. ಇದರಲ್ಲಿಯೂ ಎರಡು ತೆರ. ಹಳೆಯ ಕಾರುಗಳಲ್ಲಿ ಕೂಲೆಂಟಿನ ಬಿಸಿಗೆ ತಾನೇ ಕೂಡಿಕೊಳ್ಳುವ ಥರ್ಮೋಸ್ವಿಚ್ಚು ಅಪ್ಪಣೆ ಕೊಡುವುದು. ಹೊಸ ಕಾರುಗಳಲ್ಲಿ ಸೆನ್ಸರೊಂದು ಬಿಸಿಯನ್ನು ಅಳೆದು ಗಾಡಿಯ ಕಂಪ್ಯೂಟರಿಗೆ ತಿಳಿಸುವುದು. ಅಪ್ಪಣೆ ಕೊಡುವುದು ಕಂಪ್ಯೂಟರು. ಎರಡರಲ್ಲಿಯೂ ಅಪ್ಪಣೆಯು ರಿಲೇ ಎಂಬ ಸಣ್ಣ ಪೆಟ್ಟಿಗೆಯ ಮೂಲಕ ಮೋಟಾರಿಗೆ ತಲುಪುವುದು ಸಾಮಾನ್ಯ ಕ್ರಮ.

೩. ದೋಷವಲ್ಲದ ತಿರುಗಾಟ

ಫ್ಯಾನು ಹೆಚ್ಚು ಹೊತ್ತು ತಿರುಗಿದ ಮಾತ್ರಕ್ಕೆ ದೋಷವಿದೆಯೆಂದು ತಿಳಿಯಬಾರದು. ಕೆಳಗಿನ ಸಂದರ್ಭಗಳಲ್ಲಿ ಅದು ತಿರುಗುವುದೇ ಸರಿ.

ಏಸಿಯನ್ನು ಹಾಕಿದಾಗ ಫ್ಯಾನೂ ತಿರುಗುವುದು. ಮಳೆಗಾಲದಲ್ಲಿ ಇದರಿಂದ ಮೋಸಹೋಗುವವರುಂಟು. ಕೊಡಗಿನ ಮಂಜಿನಲ್ಲಿ ಮುಂಗಾಜಿನ ಒಳಬದಿಗೆ ಹಬೆ ಕಟ್ಟುವುದರಿಂದ, ಗಾಜಿಗೆ ಗಾಳಿ ಹಾಯಿಸುವ ಗುಂಡಿಯನ್ನು ಒತ್ತುವುದು ವಾಡಿಕೆ. ಅನೇಕ ಕಾರುಗಳಲ್ಲಿ ಈ ಗುಂಡಿಯನ್ನು ಒತ್ತಿದೊಡನೆ ಏಸಿಯು ತಾನಾಗಿಯೇ ಆರಂಭವಾಗುವುದು. ಅದರೊಡನೆ ಫ್ಯಾನೂ ತಿರುಗುವುದು. ಏಸಿ ಹಾಕಿಲ್ಲವೆಂದು ನಂಬಿರುವ ಚಾಲಕನು ಫ್ಯಾನಿಗೆ ದೋಷ ಬಂದಿತೆಂದು ಭ್ರಮಿಸುವನು.

ಘಾಟಿಯನ್ನು ಹತ್ತಿ ಬಂದು ಇಂಜಿನನ್ನು ನಿಲ್ಲಿಸಿದಮೇಲೆ ಕೆಲವು ನಿಮಿಷಗಳವರೆಗೆ ಫ್ಯಾನು ತಿರುಗುವಂತೆ ಅನೇಕ ಗಾಡಿಗಳನ್ನು ರಚಿಸಲಾಗಿದೆ. ಸುಮಾರು ಹತ್ತು ನಿಮಿಷಗಳೊಳಗೆ ತಾನಾಗಿ ನಿಂತರೆ ಚಿಂತೆಗೆ ಕಾರಣವಿಲ್ಲ.

೨೦೨೦ನೆಯ ಇಸವಿಯ ಏಪ್ರಿಲ್ ೧ರಿಂದ ಜಾರಿಗೆ ಬಂದ ಬಿ. ಎಸ್. ೬ ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ತಡೆಯುವ ಜಾಲರಿಯಿರುವುದು. ತುಂಬಿದ ಮಸಿಯನ್ನು ಗಾಡಿಯೇ ಆಗಾಗ ಸುಟ್ಟು ತೆಗೆಯುವುದು. ಆ ಹೊತ್ತಿನಲ್ಲಿ ಫ್ಯಾನು ಜೋರಾಗಿ ತಿರುಗುವುದು. ಮನೆಯಿಂದ ಕಣಕ್ಕೆ, ಕಣದಿಂದ ತೋಟಕ್ಕೆ ಎಂದು ಬರಿಯ ಅಲ್ಪದೂರಕ್ಕೆ ಓಡಿಸುವ ಗಾಡಿಯಲ್ಲಿ ಈ ಕೆಲಸವು ಪೂರೈಸದೆ ಮತ್ತೆ ಮತ್ತೆ ಮೊದಲಾಗುವುದು. ಇಂತಹ ಗಾಡಿಯನ್ನು ಒಮ್ಮೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆಯಷ್ಟು ಸಮವೇಗದಿಂದ ಓಡಿಸುವುದು ಒಳ್ಳೆಯದು.

೪. ಪರೀಕ್ಷೆಗೆ ಮೊದಲು ಎಚ್ಚರಿಕೆ

ವಿದ್ಯುತ್ ಫ್ಯಾನು ಯಾವ ಗಳಿಗೆಯಲ್ಲಿಯೂ ತಿರುಗಲಾರಂಭಿಸಬಹುದು. ಕೀಲಿಯನ್ನು ತೆಗೆದಿದೆಯೆಂದು ನಂಬಿ ಬೆರಳನ್ನು ಇಡಬಾರದು. ರೆಕ್ಕೆಗಳ ಹತ್ತಿರ ಕೈ ಹಾಕುವುದಕ್ಕೆ ಮುಂಚೆ ಬ್ಯಾಟರಿಯ ಋಣ ತುದಿಯ ತಂತಿಯನ್ನು ಬಿಚ್ಚತಕ್ಕದ್ದು. ಬೆಲ್ಟಿನ ಫ್ಯಾನಿರುವ ಗಾಡಿಯಲ್ಲಿ ಇಂಜಿನು ಓಡುತ್ತಿರುವಾಗ ಸಡಿಲವಾದ ಪಂಚೆ, ಸೆರಗು, ಶಾಲುಗಳನ್ನು ಧರಿಸಿ ಬಗ್ಗಿ ನೋಡಬಾರದು. ಬಿಸಿಯಾಗಿರುವ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಒತ್ತಡವು ತೆರವಾದೊಡನೆ ಕುದಿಯುವ ದ್ರವವು ಮುಖಕ್ಕೆ ಚಿಮ್ಮುವುದು. ಕೂಲೆಂಟು ವಿಷ. ಅದರ ರುಚಿಯು ಸಿಹಿಯಾದುದರಿಂದ ನಾಯಿ ಮತ್ತು ಕರುಗಳು ನೆಕ್ಕಿ ಸಾಯುವ ಸಂಭವವಿದೆ. ಬಿಚ್ಚಿದ ಕೂಲೆಂಟನ್ನು ಅಂಗಳಕ್ಕೂ ತೋಡಿಗೂ ಚೆಲ್ಲದೆ ಮುಚ್ಚಿದ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಒಪ್ಪಿಸತಕ್ಕದ್ದು.

೫. ಮೊದಲನೆಯ ಪರೀಕ್ಷೆ: ಮುಂಜಾನೆಯಲ್ಲಿ

ಗಾಡಿಯು ರಾತ್ರಿಯೆಲ್ಲ ನಿಂತು ಇಂಜಿನು ಪೂರ್ಣವಾಗಿ ತಣಿದಿರುವಾಗ ಈ ಪರೀಕ್ಷೆಯನ್ನು ಮಾಡಬೇಕು. ಏಸಿಯನ್ನೂ ಗಾಜಿಗೆ ಗಾಳಿ ಹಾಯಿಸುವ ಗುಂಡಿಯನ್ನೂ ಆರಿಸಿ, ಇಂಜಿನನ್ನು ಸ್ಟಾರ್ಟು ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿ ನೋಡತಕ್ಕದ್ದು. ವಿದ್ಯುತ್ ಫ್ಯಾನು ಆಗಲೇ ತಿರುಗಲಾರಂಭಿಸಿ ನಿಲ್ಲದೆ ಹೋದರೆ, ಅಥವಾ ಕೀಲಿಯಿಲ್ಲದೆಯೇ ತಿರುಗುತ್ತಿದ್ದರೆ, ಅಪ್ಪಣೆಯು ಸುಳ್ಳೆಂದು ತಿಳಿಯಬೇಕು. ಏಕೆಂದರೆ ತಣಿಸತಕ್ಕ ಶಾಖವೇ ಅಲ್ಲಿಲ್ಲ. ಹಾಗಲ್ಲದೆ, ಇಂಜಿನು ಓಡಿ ಕಾದಮೇಲೆಯೇ ಫ್ಯಾನು ಮೊದಲಾಗಿ ಆಮೇಲೆ ನಿಲ್ಲದಿದ್ದರೆ, ಅಪ್ಪಣೆಯು ನಿಜವಾಗಿರುವ ಸಂಭವವೇ ಹೆಚ್ಚು. ಮೊದಲನೆಯದಕ್ಕೆ ಆರನೆಯ ಪ್ರಕರಣವನ್ನೂ ಎರಡನೆಯದಕ್ಕೆ ಏಳನೆಯ ಪ್ರಕರಣವನ್ನೂ ನೋಡಬೇಕು.

ಹಿಡಿತವುಳ್ಳ ಫ್ಯಾನಿಗೆ ಪರೀಕ್ಷೆಯೇ ಬೇರೆ. ಇಂಜಿನು ನಿಂತು ತಣಿದಿರುವಾಗ ಫ್ಯಾನನ್ನು ಕೈಯಿಂದ ತಿರುಗಿಸಿದರೆ ಸ್ವಲ್ಪ ತಡೆತದೊಡನೆ ತಿರುಗಬೇಕು. ಬೆಲ್ಟಿನ ಗಾಲಿಯೊಡನೆ ಒಂದಾಗಿ ಬಿಗಿದುಕೊಂಡು ಅಲುಗದಿದ್ದರೆ ಕ್ಲಚ್ಚು ಕೆಟ್ಟಿದೆ. ತಡೆತವೇ ಇಲ್ಲದೆ ಹಲವು ಸುತ್ತು ತಿರುಗಿದರೂ ಕೆಟ್ಟಿದೆ. ಎರಡರಲ್ಲಿ ಎರಡನೆಯದು ಘಾಟಿಗೆ ಹೆಚ್ಚು ಅಪಾಯಕರ.

೬. ಅಪ್ಪಣೆಯು ಸುಳ್ಳಾಗಿರುವಾಗ

(ಅ) ರಿಲೇಯ ಪರೀಕ್ಷೆ.—ಬಾನೆಟ್ಟಿನ ಕೆಳಗಿರುವ ಫ್ಯೂಸುಪೆಟ್ಟಿಗೆಯ ಮುಚ್ಚಳದ ಮೇಲಿನ ಚಿತ್ರವನ್ನು ನೋಡಿ ಫ್ಯಾನಿನ ರಿಲೇಯನ್ನು ಗುರುತಿಸಿ ಹೊರಕ್ಕೆ ಎಳೆಯಬೇಕು. ರಿಲೇ ತೆಗೆದರೂ ಫ್ಯಾನು ತಿರುಗುತ್ತಿದ್ದರೆ, ತಂತಿಯು ಎಲ್ಲಿಯೋ ಸುಲಿದು ಬ್ಯಾಟರಿಯ ವಿದ್ಯುತ್ತಿಗೆ ತಾಗಿದೆ, ಅಥವಾ ಹಿಂದೆ ಯಾರೋ ಫ್ಯಾನಿಗೆ ನೇರವಾಗಿ ತಂತಿ ಎಳೆದಿದ್ದಾರೆಂದು ಅರ್ಥ. ರಿಲೇ ತೆಗೆದೊಡನೆ ಫ್ಯಾನು ನಿಂತರೆ, ಅದೇ ಪೆಟ್ಟಿಗೆಯಲ್ಲಿರುವ, ಅದೇ ಸಂಖ್ಯೆಯನ್ನು ಮುದ್ರಿಸಿರುವ ಮತ್ತೊಂದು ರಿಲೇಯನ್ನು ಆ ಸ್ಥಾನದಲ್ಲಿಟ್ಟು ನೋಡಬೇಕು. ಹಾರನ್ನಿನ ರಿಲೇಯು ಅನೇಕ ಗಾಡಿಗಳಲ್ಲಿ ಇದಕ್ಕೆ ಹೊಂದುವುದುಂಟು. ಬೇರೆ ರಿಲೇಯಿಂದ ಫ್ಯಾನು ಸುಮ್ಮನಾದರೆ ಹಳೆಯ ರಿಲೇಯ ಒಳಗಿನ ತುದಿಗಳು ಕಿಡಿಯಿಂದ ಕರಗಿ ಅಂಟಿಕೊಂಡಿವೆ. ಹೊಸ ರಿಲೇಯನ್ನು ಹಾಕಿದರೆ ತೊಂದರೆಯು ತೀರಿತು. ಬೇರೆ ರಿಲೇಯಿಂದಲೂ ತಿರುಗಿದರೆ ಅಪ್ಪಣೆಯು ಇನ್ನೂ ಹಿಂದಿನಿಂದ ಬರುತ್ತಿದೆ.

(ಆ) ಥರ್ಮೋಸ್ವಿಚ್ಚಿನ ಪರೀಕ್ಷೆ.—ಹಳೆಯ ಕಾರುಗಳಲ್ಲಿ ಥರ್ಮೋಸ್ವಿಚ್ಚಿನ ಜೋಡಣೆಯನ್ನು ಕಳಚಿದರೆ ಫ್ಯಾನು ನಿಲ್ಲಬೇಕು. ನಿಂತರೆ ಸ್ವಿಚ್ಚು ಕೂಡಿದಂತೆಯೇ ಅಂಟಿಹೋಗಿದೆ, ಅದನ್ನು ಬದಲಾಯಿಸತಕ್ಕದ್ದು.

(ಇ) ಸೆನ್ಸರಿನ ಪರೀಕ್ಷೆ.—ಕಂಪ್ಯೂಟರುಳ್ಳ ಹೊಸ ಕಾರುಗಳಲ್ಲಿ ಇದು ತಲೆಕೆಳಗು. ಸೆನ್ಸರಿನ ಜೋಡಣೆಯನ್ನು ಕಳಚಿದರೆ ಫ್ಯಾನು ನಿಲ್ಲುವುದರ ಬದಲು ತಿರುಗಲಾರಂಭಿಸುವುದೇ ಹೆಚ್ಚು. ಏಕೆಂದರೆ ಬಿಸಿಯೆಷ್ಟೆಂಬ ವರದಿಯು ಬರದೆ ಹೋದಾಗ, ಇಂಜಿನು ಸುಟ್ಟುಹೋಗುವುದಕ್ಕಿಂತ ಫ್ಯಾನು ತಿರುಗುವುದೇ ಲೇಸೆಂದು ಕಂಪ್ಯೂಟರಿಗೆ ಮೊದಲೇ ಕಟ್ಟಳೆ ಮಾಡಿರುತ್ತದೆ. ಆದುದರಿಂದ ಸೆನ್ಸರು ಕೆಟ್ಟರೂ, ಅದರ ತಂತಿಯು ತುಂಡಾದರೂ, ಜೋಡಣೆಗೆ ನೀರು ಸೇರಿ ಕಿಲುಬು ಹಿಡಿದರೂ ಫಲವು ಒಂದೇ: ಫ್ಯಾನು ಎಡೆಬಿಡದೆ ತಿರುಗುವುದು, ಜೊತೆಗೆ ಇಂಜಿನಿನ ಎಚ್ಚರಿಕೆಯ ದೀಪವು ಹೊತ್ತಿಕೊಳ್ಳುವುದು. ಹಳೆಯ ಕಾರಿನ ಅನುಭವದಿಂದ ಹೊಸ ಕಾರನ್ನು ಪರೀಕ್ಷಿಸುವವರು ತಪ್ಪುವುದು ಇಲ್ಲಿಯೇ.

ವರ್ಕ್‌ಷಾಪಿನಲ್ಲಿ ಸ್ಕ್ಯಾನರನ್ನು ಜೋಡಿಸಿ ನೋಡಿದರೆ ಸೆನ್ಸರಿನ ಮಾತು ನಿಜವೋ ಸುಳ್ಳೋ ತಿಳಿಯುವುದು. ರಾತ್ರಿ ನಿಂತ ಗಾಡಿಯಲ್ಲಿ ಕೂಲೆಂಟಿನ ಬಿಸಿಯೂ ಹೊರಗಿನ ಗಾಳಿಯ ಬಿಸಿಯೂ ಹೆಚ್ಚುಕಡಮೆ ಒಂದೇ ಆಗಿರಬೇಕು. ಚಳಿಗಾಲದ ಬೆಳಗ್ಗೆ ಗಾಳಿಯು ೧೫ ಡಿಗ್ರಿಯಿದ್ದು ಕೂಲೆಂಟು ೯೦ ಡಿಗ್ರಿಯೆಂದು ತೋರಿದರೆ ಸೆನ್ಸರು ಸುಳ್ಳು ಹೇಳುತ್ತಿದೆ. ಸೊನ್ನೆಗೆ ಕೆಳಗೆ ೪೦ ಡಿಗ್ರಿಯೆಂದು ತೋರಿದರೆ ತಂತಿಯೇ ತುಂಡಾಗಿದೆ. ಸ್ಕ್ಯಾನರಿಲ್ಲದ ಮೆಕ್ಯಾನಿಕ್ಕು ಮೀಟರಿನಿಂದ ಅಳೆಯಬಹುದು. ಸಾಮಾನ್ಯವಾದ ಸೆನ್ಸರಿನಲ್ಲಿ ೨೦ ಡಿಗ್ರಿಯಲ್ಲಿ ಸುಮಾರು ೨೦೦೦ದಿಂದ ೩೦೦೦ ಓಮು, ೮೦ ಡಿಗ್ರಿಯಲ್ಲಿ ಸುಮಾರು ೩೦೦ ಓಮು ತೋರುವುದು. ತಯಾರಕರ ಪುಸ್ತಕದಲ್ಲಿ ಆಯಾ ಗಾಡಿಯ ಅಳತೆಯಿರುವುದು.

ಕೊಡಗಿನಲ್ಲಿ ಈ ದೋಷಕ್ಕೆ ಎರಡು ಕಾರಣಗಳನ್ನು ಮೊದಲು ಶಂಕಿಸತಕ್ಕದ್ದು. ಒಂದು, ಇಲಿ. ಕಾಫಿ, ಭತ್ತಗಳನ್ನು ಕೂಡಿಡುವ ಕೊಟ್ಟಿಗೆಯಲ್ಲಿಯೇ ಗಾಡಿಯನ್ನೂ ನಿಲ್ಲಿಸುವುದರಿಂದ ಇಲಿಗಳು ಬೆಚ್ಚನೆಯ ಇಂಜಿನನ್ನು ಸೇರಿ ತಂತಿಗಳನ್ನು ಕಡಿಯುವುವು. ಎರಡು, ಮಳೆ. ವರ್ಷಕ್ಕೆ ೩೦೦೦ ಮಿಲಿಮೀಟರಿಗೆ ಮೇಲ್ಪಟ್ಟು ಮಳೆ ಬೀಳುವ ಮಡಿಕೇರಿಯ ಸುತ್ತಿನಲ್ಲಿ ತಿಂಗಳುಗಟ್ಟಲೆ ತೇವವು ಆರದೆ ಜೋಡಣೆಗಳಲ್ಲಿ ಹಸಿರು ಕಿಲುಬು ಕೂಡುವುದು. ಬೆಲೆಯುಳ್ಳ ಭಾಗಗಳನ್ನು ಕೊಳ್ಳುವುದಕ್ಕೆ ಮುಂಚೆ ತಂತಿಗಳನ್ನು ದೀಪ ಹಿಡಿದು ನೋಡುವುದು ಜಾಣತನ.

೭. ಅಪ್ಪಣೆಯು ನಿಜವಾಗಿರುವಾಗ

ಇಂಜಿನು ಕಾಯುತ್ತಿರುವುದರಿಂದಲೇ ಫ್ಯಾನು ತಿರುಗುತ್ತಿದ್ದರೆ, ಫ್ಯಾನಿನ ತಂಟೆಗೆ ಹೋಗದೆ ಶಾಖದ ಕಾರಣವನ್ನು ಹುಡುಕಬೇಕು. ಸುಲಭವಾದುದರಿಂದ ಕಷ್ಟವಾದುದಕ್ಕೆ ಈ ಕ್ರಮದಲ್ಲಿ ನೋಡತಕ್ಕದ್ದು.

(ಅ) ಕೂಲೆಂಟಿನ ಕೊರತೆ.—ಇಂಜಿನು ತಣಿದಿರುವಾಗ ಡಬ್ಬಿಯಲ್ಲಿ ದ್ರವವು ಎರಡು ಗೆರೆಗಳ ನಡುವೆ ಇರಬೇಕು. ವಾರವಾರವೂ ತುಂಬಬೇಕಾಗಿ ಬಂದರೆ ಎಲ್ಲಿಯೋ ಸೋರುತ್ತಿದೆ. ಹೊರಗೆ ತೇವ ಕಾಣದೆ, ಇಂಜಿನಿನ ಎಣ್ಣೆಯು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ಡಿನ ಗ್ಯಾಸ್ಕೆಟ್ಟು ಹೋಗಿದೆಯೆಂದು ಶಂಕಿಸಿ ಗಾಡಿಯನ್ನು ಓಡಿಸುವುದನ್ನೇ ನಿಲ್ಲಿಸತಕ್ಕದ್ದು.

(ಆ) ಹೊರಗಿನ ಕೊಳೆ.—ತೋಟದ ಕೆಂಪು ಕೆಸರು, ಹುಲ್ಲಿನ ಬೀಜ, ಕಣದ ಕಾಫಿ ಹೊಟ್ಟು, ಹುಳುಗಳು, ಇವು ರೇಡಿಯೇಟರಿನ ಸಂದುಗಳಲ್ಲಿ ಸೇರಿ ಗಾಳಿಯನ್ನು ತಡೆಯುವುವು. ಏಸಿಯುಳ್ಳ ಗಾಡಿಯಲ್ಲಿ ರೇಡಿಯೇಟರಿನ ಮುಂದೆ ಏಸಿಯ ಜಾಲರಿಯೂ ಇರುವುದರಿಂದ ಕೊಳೆಯು ಎರಡರ ನಡುವೆ ಕೂತು ಹೊರಗಿನಿಂದ ಕಾಣುವುದೇ ಇಲ್ಲ. ಗಾಡಿಯು ತಣಿದಮೇಲೆ ಇಂಜಿನಿನ ಕಡೆಯಿಂದ ಹೊರಮುಖವಾಗಿ ಮೆಲ್ಲನೆ ನೀರು ಹಾಯಿಸಿ ತೊಳೆಯಬೇಕು. ಸ್ಪ್ರೇಯರಿನ ಬಿರುಸಿನ ಧಾರೆಯನ್ನು ಹಿಡಿದರೆ ತೆಳುವಾದ ತಗಡುಗಳು ಮಡಿಚಿಕೊಂಡು ಇನ್ನಷ್ಟು ಕೆಡುಕಾಗುವುದು.

(ಇ) ಒಳಗಿನ ಕೊಳೆ.—ಬೋರುಬಾವಿಯ ಗಡಸು ನೀರನ್ನೇ ತುಂಬುತ್ತಿದ್ದರೆ ಸುಣ್ಣದ ಪೊರೆಯೂ ತುಕ್ಕೂ ಸೇರಿ ನಳಿಗೆಗಳು ಕಟ್ಟಿಕೊಳ್ಳುವುವು. ಕೊಡಗಿನಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವಾದ ಕಾರಣ ಕೂಲೆಂಟು ಬೇಡವೆಂದು ವಾದಿಸುವರುಂಟು. ಆದರೆ ಅದರ ಉಪಯೋಗವು ಚಳಿಗೆ ಮಾತ್ರವಲ್ಲ. ತುಕ್ಕನ್ನು ತಡೆಯುವುದೂ ಕುದಿಯುವ ಮಟ್ಟವನ್ನು ಏರಿಸುವುದೂ ಅದರ ಗುಣಗಳು. ತಯಾರಕರು ಹೇಳಿದ ಕೂಲೆಂಟನ್ನು, ಹೇಳಿದ ಪ್ರಮಾಣದಲ್ಲಿ, ಡಿಸ್ಟಿಲ್ಡ್ ನೀರಿನೊಡನೆ ಬೆರೆಸಿ ಉಪಯೋಗಿಸಬೇಕು. ಘಾಟಿಯಲ್ಲಿ ಸಿಕ್ಕಿಕೊಂಡಾಗ ತೊರೆಯ ನೀರನ್ನು ತುಂಬಿ ಮನೆ ಸೇರುವುದು ತಪ್ಪಲ್ಲ. ಸೇರಿದಮೇಲೆ ಅದನ್ನು ತೆಗೆಯಿಸದಿರುವುದು ತಪ್ಪು.

(ಈ) ಥರ್ಮೋಸ್ಟಾಟು.—ಇದು ಮುಚ್ಚಿದಂತೆಯೇ ಅಂಟಿಕೊಂಡರೆ ಇಂಜಿನು ಕಾದಿದ್ದರೂ ರೇಡಿಯೇಟರಿಗೆ ಬರುವ ಹೋಸು ಪೈಪು ತಣ್ಣಗೇ ಇರುವುದು. ಥರ್ಮೋಸ್ಟಾಟನ್ನು ತೆಗೆದೆಸೆದು ಓಡಿಸುವುದು ಕೆಲವೆಡೆ ರೂಢಿಯಲ್ಲಿದೆ. ಚಳಿಯುಳ್ಳ ಸೀಮೆಯಲ್ಲಿ ಇದರಿಂದ ಇಂಜಿನು ತಕ್ಕ ಬಿಸಿಗೆ ಬಾರದೆ ಎಣ್ಣೆಯ ಖರ್ಚೂ ಸವೆತವೂ ಹೆಚ್ಚುವುವು. ಕೆಟ್ಟುದಕ್ಕೆ ಬದಲು ಹೊಸದನ್ನು ಹಾಕುವುದೇ ಸರಿ.

(ಉ) ಮುಚ್ಚಳ, ಬೆಲ್ಟು, ಪಂಪು.—ಮುಚ್ಚಳದ ಮಹತ್ವವನ್ನು ಮೊದಲೇ ಹೇಳಿದೆ. ಬೆಲ್ಟು ಸಡಿಲವಾಗಿದ್ದರೆ ಪಂಪು ಸಾಲದಷ್ಟು ತಿರುಗುವುದು. ಪಂಪಿನ ಕೆಳಗೆ ತೇವದ ಗುರುತಿದ್ದರೆ ಅದರ ಒಳಗಿನ ಸೀಲು ಹೋಗಿದೆ.

೮. ಮಾಡಬಾರದ ಕೆಲಸ

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಸಂಪಾಜೆಯ ಕಡೆಯ ಒಬ್ಬ ಭೂಮಾಲಿಕರ ಗಾಡಿಯಲ್ಲಿ ರಿಲೇಯು ಅಂಟಿಕೊಂಡು ಫ್ಯಾನು ನಿಲ್ಲದಾಯಿತು. ಇಂತಹ ಫ್ಯಾನು ಸುಮಾರು ೧೦ರಿಂದ ೧೫ ಆಂಪಿಯರಿನಷ್ಟು ವಿದ್ಯುತ್ತನ್ನು ಎಳೆಯುವುದರಿಂದ ೩೫ ಆಂಪಿಯರ್-ಗಂಟೆಯ ಬ್ಯಾಟರಿಯು ಮೂರೂವರೆ ಗಂಟೆಗಿಂತ ಹೆಚ್ಚು ಬಾಳದು. ಎರಡು ದಿನ ಬೆಳಗ್ಗೆ ಗಾಡಿಯನ್ನು ತಳ್ಳಿಸಿ ಸ್ಟಾರ್ಟು ಮಾಡಿದ ಮಾಲಿಕರು, ರೋಬಸ್ಟ ಕುಯ್ಲಿನ ಗಡಿಬಿಡಿಯಲ್ಲಿ ಗ್ಯಾರೇಜಿಗೆ ಹೋಗಲು ಬಿಡುವಿಲ್ಲದೆ, ಫ್ಯಾನಿನ ಫ್ಯೂಸನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಸದ್ದು ನಿಂತಿತು, ಬ್ಯಾಟರಿಯೂ ಉಳಿಯಿತು. ಬಯಲಿನಲ್ಲಿ ಎರಡು ಮೂರು ದಿನ ಗಾಡಿಯು ಚೆನ್ನಾಗಿಯೇ ಓಡಿತು, ಎದುರುಗಾಳಿಯೇ ಸಾಕಾಗುತ್ತಿತ್ತು. ಮುಂದೊಂದು ರಾತ್ರಿ ಲೈನುಮನೆಯ ಆಳೊಬ್ಬನ ಹೆಂಡತಿಗೆ ಹೆರಿಗೆ ನೋವು ಮೊದಲಾಗಲು, ಮಾಲಿಕರ ತಮ್ಮನ ಮಗನು ಫ್ಯೂಸಿನ ಸಂಗತಿಯನ್ನು ಅರಿಯದೆ ಗಾಡಿಯನ್ನು ತೆಗೆದುಕೊಂಡು ಮಡಿಕೇರಿಯ ಆಸ್ಪತ್ರೆಗೆ ಘಾಟಿಯನ್ನು ಹತ್ತಿದನು. ನಡುದಾರಿಯಲ್ಲಿ ಮುಳ್ಳು ಕೆಂಪು ಗೆರೆಯನ್ನು ದಾಟಿತು, ಹಬೆಯು ಎದ್ದಿತು, ಇಂಜಿನು ನಿಂತಿತು. ಅಲ್ಯೂಮಿನಿಯಮಿನ ಹೆಡ್ಡು ಸೊಟ್ಟಗಾಗಲು ಅಷ್ಟು ಹೊತ್ತು ಸಾಕು. ತುಂಬು ಗರ್ಭಿಣಿಯು ಕತ್ತಲಲ್ಲಿ ದಾರಿಯ ಬದಿ ಕುಳಿತು ಮತ್ತೊಂದು ಗಾಡಿಯನ್ನು ಕಾಯಬೇಕಾಯಿತು. ಒಂದು ಚೀಲ ಕಾಂಪ್ಲೆಕ್ಸು ಗೊಬ್ಬರದ ಬೆಲೆಯನ್ನು ಸಾಮಾನ್ಯವಾಗಿ ಮ��ರದ ಒಂದು ರಿಲೇಯಿಂದ ತೀರುತ್ತಿದ್ದ ತೊಂದರೆಯು ಎರಡು ಜೀವಗಳಿಗೆ ಅಪಾಯವಾಯಿತು. ಇಂಜಿನಿನ ಖರ್ಚು ಬೇರೆ.

ಇಲ್ಲಿಯ ತಪ್ಪೇನೆಂದರೆ, ಫ್ಯೂಸು ಕಿತ್ತ ಗಾಡಿಯು ಎಂದಿನಂತೆಯೇ ಸ್ಟಾರ್ಟಾಗುವುದು. ಅದರಲ್ಲಿ ಊನವಿದೆಯೆಂಬುದು ಕಿತ್ತವರಿಗೆ ಮಾತ್ರ ಗೊತ್ತು, ಅವರೂ ಮರೆಯಬಹುದು. ರಾತ್ರಿಯಲ್ಲಿ ಬ್ಯಾಟರಿಯನ್ನು ಉಳಿಸಬೇಕಾದರೆ ಬ್ಯಾಟರಿಯ ಋಣ ತುದಿಯನ್ನೇ ಬಿಚ್ಚಿಡತಕ್ಕದ್ದು. ಹಾಗೆ ಬಿಚ್ಚಿದ ಗಾಡಿಯು ಸ್ಟಾರ್ಟೇ ಆಗದಾದುದರಿಂದ ಓಡಿಸಬಂದವರು ತಂತಿಯನ್ನು ಮರಳಿ ಜೋಡಿಸಲೇಬೇಕು. ಜೋಡಿಸಿದರೆ ಫ್ಯಾನೂ ತಿರುಗುವುದು, ಇಂಜಿನೂ ಉಳಿಯುವುದು. ಹೀಗೆ ಮರೆವಿಗೆ ಎಡೆಯೇ ಇರುವುದಿಲ್ಲ. ಬಿಚ್ಚಲು ಬೇಕಾದ ಸ್ಪ್ಯಾನರನ್ನು ಗಾಡಿಯಲ್ಲಿಯೇ ಇಟ್ಟಿರಬೇಕು. ಮನೆಯವರೆಲ್ಲರಿಗೂ ಇದನ್ನು ತಿಳಿಸಿರಬೇಕು. ತಿರುಗುವ ಫ್ಯಾನಿನಿಂದ ಕೆಡುವುದು ಬ್ಯಾಟರಿ. ತಿರುಗದ ಫ್ಯಾನಿನಿಂದ ಕೆಡುವುದು ಇಂಜಿನು. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ತಿರುಗುವುದನ್ನೇ ಆರಿಸತಕ್ಕದ್ದು.

ಘಾಟಿಯಲ್ಲಿ ಮುಳ್ಳು ಏರಿದಾಗ ಏಸಿಯನ್ನು ಆರಿಸಿ, ಒಳಗೆ ಬಿಸಿಗಾಳಿಯ ಹೀಟರಿದ್ದರೆ ಅದನ್ನು ಪೂರ್ತಿಯಾಗಿ ತೆರೆದು, ಬದಿಗೆ ನಿಲ್ಲಿಸಬೇಕು. ಹೀಟರು ಇಂಜಿನಿನ ಶಾಖವನ್ನು ಸ್ವಲ್ಪ ಮಟ್ಟಿಗೆ ಹೊರಕ್ಕೆ ಸೆಳೆಯುವುದು. ಮುಳ್ಳು ಕೆಂಪು ಗೆರೆಗೆ ಮುಟ್ಟಿದರೆ ಇಂಜಿನನ್ನು ನಿಲ್ಲಿಸತಕ್ಕದ್ದು. ಕಾದ ಇಂಜಿನಿನ ಮೇಲೆ ತಣ್ಣೀರನ್ನು ಸುರಿದರೆ ಲೋಹವು ಬಿರುಕುಬಿಡುವುದು. ಅರ್ಧ ಗಂಟೆಗೆ ಕಡಮೆಯಿಲ್ಲದೆ ಕಾದು, ತಣಿದಮೇಲೆಯೇ ಮುಚ್ಚಳವನ್ನು ಮುಟ್ಟಬೇಕು.

೯. ಮಳೆಗಾಲಕ್ಕೂ ಕುಯ್ಲಿಗೂ ಮುಂಚೆ

ಮೇ ತಿಂಗಳಲ್ಲೊಮ್ಮೆ, ಕಾಫಿ ಕುಯ್ಲು ಮೊದಲಾಗುವ ಮುನ್ನ ನವೆಂಬರಿನಲ್ಲೊಮ್ಮೆ, ಹೀಗೆ ವರ್ಷಕ್ಕೆ ಎರಡಾವರ್ತಿ ಈ ಏರ್ಪಾಡನ್ನು ನೋಡಿಸುವುದು ಸಾಕು. ಮೇ ತಿಂಗಳಲ್ಲಿ ಜೋಡಣೆಗಳನ್ನು ಒರೆಸಿ ಅವುಗಳಿಗೆಂದೇ ಮಾರುವ ಗ್ರೀಸನ್ನು ಸವರಿಸಬೇಕು; ಕೊಟ್ಟಿಗೆಯಲ್ಲಿ ಇಲಿಬೋನನ್ನು ಇಡಬೇಕು. ನವೆಂಬರಿನಲ್ಲಿ ಮಳೆಗಾಲದ ಕೆಸರನ್ನು ತೊಳೆಸಿ, ಕೂಲೆಂಟು, ಬೆಲ್ಟು, ಹೋಸು ಪೈಪು, ಮುಚ್ಚಳಗಳನ್ನು ಪರೀಕ್ಷಿಸಬೇಕು. ಆಳುಗಳ ಹಾಜರಿಗೆ ಚೆಕ್‌ರೋಲು ಇರುವಂತೆ ಗಾಡಿಗೂ ಒಂದು ಪುಸ್ತಕವನ್ನಿಟ್ಟು, ಕೂಲೆಂಟು ತುಂಬಿದ ದಿನ, ಪ್ರಮಾಣ, ಬದಲಾಯಿಸಿದ ಭಾಗ ಇವುಗಳನ್ನು ಬರೆದಿಟ್ಟರೆ ದೋಷವು ದೊಡ್ಡದಾಗುವುದಕ್ಕೆ ಮುಂಚೆಯೇ ಕಣ್ಣಿಗೆ ಬೀಳುವುದು.

ಈ ಪಾಠದ ಸಾರಾಂಶವಿಷ್ಟೆ: ಮೊದಲು ಫ್ಯಾನಿನ ಬಗೆಯನ್ನು ಅರಿಯಬೇಕು, ಮುಂಜಾನೆಯ ಪರೀಕ್ಷೆಯಿಂದ ಅಪ್ಪಣೆಯು ನಿಜವೋ ಸುಳ್ಳೋ ಗೊತ್ತುಮಾಡಬೇಕು, ಸುಳ್ಳಾದರೆ ರಿಲೇ, ಸ್ವಿಚ್ಚು, ಸೆನ್ಸರು, ತಂತಿಗಳನ್ನೂ, ನಿಜವಾದರೆ ಕೂಲೆಂಟು, ರೇಡಿಯೇಟರು, ಥರ್ಮೋಸ್ಟಾಟುಗಳನ್ನೂ ನೋಡಬೇಕು, ಕಾರಣವು ತಿಳಿಯುವ ತನಕ ಫ್ಯಾನನ್ನು ತಿರುಗಲು ಬಿಡಬೇಕು. ಊರ ತಕ್ಕರೂ ಭೂಮಾಲಿಕರೂ ಇದನ್ನು ತಮ್ಮ ಡ್ರೈವರುಗಳಿಗೂ ಮನೆಯ ಯುವಕರಿಗೂ ಓದಿ ಹೇಳಿ, ಊರ ಸಹಕಾರ ಸಂಘದ ಸಭೆಯಲ್ಲಿಯೂ ಪ್ರಸ್ತಾಪಿಸಿದಲ್ಲಿ, ಘಾಟಿಯ ನಡುವೆ ನಿಲ್ಲುವ ಗಾಡಿಗಳ ಸಂಖ್ಯೆಯು ಕಡಮೆಯಾಗುವುದರಲ್ಲಿ ಸಂದೇಹವಿಲ್ಲ.